ನಾನು ಕೇಳಿದ ಎರಡು ಪ್ರಶ್ನೆ

ಅಮೆರಿಕ ದೂರದ ಮಾತು, ನಾನು ವಿಮಾನದ ಮೆಟ್ಟಿಲನ್ನೂ ತುಳಿದವನಲ್ಲ. ಹುಟ್ಟಿದ್ದು ಸೊರಟೂರಿನಲ್ಲಿ, ಓದಿದ್ದು ಧಾರವಾಡದಲ್ಲಿ, ನೌಕರಿ ಗದಗಿನಲ್ಲಿ. ಆದರೂ ಗದಗಿನ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅಮೆರಿಕದ ಇತಿಹಾಸ ಪಾಠ ಮಾಡುತ್ತ ಬಂದಿದ್ದೇನೆ. ಅದೂ ಹೇಗೆ, ಅಲ್ಲಿಯೇ ಹುಟ್ಟಿ ಬೆಳೆದವನ ಹಾಗೆ ಕೈ ಬೀಸಿಕೊಂಡು! "ಅಮೆರಿಕಾದ ಸುದ್ದಿ ಎಲ್ಲಾ ಗೊತ್ತೈತಿ, ಮನ್ಯಾಗ ಸಕ್ರಿ ಡಬ್ಬಿ ಎಲ್ಲೈತಿ ಅನ್ನೋದು ಮಾತ್ರ ಗೊತ್ತಿಲ್ಲ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಆಕೆಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಈಗ ಬರೆಯುತ್ತಿದ್ದೇನೆ. ಬರೆದು ಮುಗಿಸಿದ ಮೇಲೆ ಸಕ್ಕರೆ ಡಬ್ಬಿಯ ಮಾತು ಎಷ್ಟೋ ಮೇಲಿತ್ತು ಎಂದು ನನಗೇ ಅನ್ನಿಸಬಹುದು.

ನನ್ನ ಪಾಠ ಶುರುವಾಗುತ್ತಿದ್ದದ್ದು ಹತ್ತಿಯಿಂದ. ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು, ಆಗ ನಮ್ಮ ಎರೆಭೂಮಿಯ ಹತ್ತಿಗೆ ಬೆಲೆ ಬಂತು, ಯುದ್ಧ ಮುಗಿದಕೂಡಲೇ ಆ ಬೆಲೆ ಬಿತ್ತು. "ಅಲ್ಲಿ ಗುಂಡು ಹಾರಿದ್ರ ಇಲ್ಲಿ ನಮ್ಮ ಅಜ್ಜಾಗೋಳು ಬಂಗಾರ ಮಾಡಿಸಿದ್ರು. ಅಮೆರಿಕಾ ದೂರ ಇಲ್ಲಪಾ, ನಿಮ್ಮ ಹೊಲದ ಬದುವಿನ್ಯಾಗನ ಐತಿ" ಎನ್ನುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗರೂ ತಲೆ ಎತ್ತುತ್ತಿದ್ದರು. ಇದರ ಮೇಲೆ ನನಗೆ ಭಾರಿ ಹೆಮ್ಮೆ ಇತ್ತು.

ಹತ್ತಿಯಾದ ಮೇಲೆ ನೋಟ್ಸು. ನಮ್ಮ ಕಡೆ ಪಾಠ ಎಂದರೆ ನೋಟ್ಸು ಹೇಳುವುದು. ಮೇಷ್ಟ್ರು ಹೇಳಬೇಕು, ಹುಡುಗರು ಬರೆದುಕೊಳ್ಳಬೇಕು, ಅದನ್ನೇ ಪರೀಕ್ಷೆಯಲ್ಲಿ ಬರೆಯಬೇಕು, ನಾವು ಅದಕ್ಕೇ ಮಾರ್ಕು ಹಾಕಬೇಕು. ನನ್ನ ನೋಟ್ಸು ಒಂದು ಉದ್ದನೆಯ ರಟ್ಟಿನ ವಹಿಯಲ್ಲಿದೆ. ಧಾರವಾಡದಲ್ಲಿ ನಾನು ಓದುವಾಗ ನನ್ನ ಗುರುಗಳು ಹೇಳಿದ್ದನ್ನು ಗಡಿಬಿಡಿಯಲ್ಲಿ ಬರೆದುಕೊಂಡದ್ದು. ಅಂಚು ಹರಿದು, ಹಾಳೆ ಹಳದಿಯಾಗಿ, ಒಂದೆರಡು ಕಡೆ ಚಹಾ ಬಿದ್ದಿದೆ. ಸಿಲೆಬಸ್ಸು ಎಷ್ಟು ಸಲ ಬದಲಾದರೂ ವಹಿ ಬದಲಾಗಲಿಲ್ಲ. ಅದನ್ನು ಒಮ್ಮೆಯಾದರೂ ಇನ್ನೊಂದು ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದೆಯಾ ಎಂದು ಯಾರಾದರೂ ಕೇಳಿದ್ದರೆ ನಾನು ಸಿಟ್ಟಿಗೇಳುತ್ತಿದ್ದೆ.

ವರ್ಷಕ್ಕೊಮ್ಮೆ ಮಾತ್ರ ನೋಟ್ಸು ಬದಿಗಿಟ್ಟು ಆಟ ಆಡಿಸುತ್ತಿದ್ದೆ. ಅದಕ್ಕೆ ಬೇರೆ ಕ್ಲಾಸಿನವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾಗಿದೆ, ಕಪ್ಪು ಗಂಡಸರಿಗೂ ಓಟು ಬಂದಿದೆ. ಅದನ್ನು ಬಹಿರಂಗವಾಗಿ ಕಸಿದುಕೊಳ್ಳುವ ಹಾಗಿಲ್ಲ, ಏಕೆಂದರೆ ದೇಶದ ಸಂವಿಧಾನ ಬಿಡುವುದಿಲ್ಲ. ಹಾಗಾಗಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಂದು ಹಿಕಮತ್ತು ಹೂಡಿದವು. ಓಟು ಬೇಕಾದವನು ಅಧಿಕಾರಿಯ ಮುಂದೆ ಬಂದು ಪರೀಕ್ಷೆ ಕೊಡಬೇಕು. ಸಂವಿಧಾನದ ಒಂದು ಸಾಲನ್ನು ಓದಬೇಕು, ಇಲ್ಲವೇ ಅದರ ಅರ್ಥ ಹೇಳಬೇಕು. ಯಾವ ಸಾಲು? ಅಧಿಕಾರಿ ಆರಿಸಿದ್ದು. ಸರಿಯೋ ತಪ್ಪೋ? ಅಧಿಕಾರಿ ಅಂದದ್ದು.

ನಾನು ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ದವಡೆಯಲ್ಲಿ ಎಲೆ ಅಡಿಕೆ ಇದ್ದವನ ಹಾಗೆ ಬಾಯಿ ಉಬ್ಬಿಸಿ ಅಧಿಕಾರಿಯಾಗುತ್ತಿದ್ದೆ. ಬಿಳಿಯ ರೈತನಾದ ಹುಡುಗ ಬಂದರೆ, "ಬಾರಪಾ ತಮ್ಮಾ, ಮಳಿ ಬೆಳಿ ಹೆಂಗೈತಿ? ಈ ಸಾಲು ಓದು ನೋಡೂಣು. ಓದಾಕ ಬರಂಗಿಲ್ಲಾ? ಇರಲಿ ಬಿಡು, ಕೇಳಿದ್ರ ತಿಳೀತೈತೇನು? ತಿಳೀತೈತಿ! ಶಾಬಾಸ್!" ಕಪ್ಪು ರೈತನಾದ ಹುಡುಗ ಬಂದರೆ, "ಏನಲೇ, ಹೊಲಾ ಬಿಟ್ಟು ಓಟು ಹಾಕಾಕ ಬಂದಿ? ಈ ಪುಟದಾಗಿನ ಕಾಯ್ದೆ ಬಿಡಿಸಿ ಹೇಳು" ಎಂದು ವಕೀಲರಿಗೂ ಎಟುಕದ ಒಂದು ಕಲಮು ಮುಂದೆ ಹಿಡಿಯುತ್ತಿದ್ದೆ. ಅವನು ತಡವರಿಸುತ್ತಿದ್ದ. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು.

ಕೊನೆಗೆ ಬರುತ್ತಿದ್ದದ್ದು ಅಜ್ಜನ ನಿಯಮ. ಪರೀಕ್ಷೆ ಇಟ್ಟರೆ ಓದಲು ಬಾರದ ಬಿಳಿಯರೂ ಸಿಕ್ಕಿಬೀಳುತ್ತಾರಲ್ಲ, ಅವರನ್ನು ಪಾರು ಮಾಡುವುದು ಹೇಗೆ? ಕಪ್ಪು ಜನಕ್ಕೆ ಓಟು ಸಿಗುವ ಮುಂಚಿನ ಒಂದು ತಾರೀಖು ಹಿಡಿದು, ಆ ದಿನ ನಿನ್ನ ಅಪ್ಪನಿಗೋ ಅಜ್ಜನಿಗೋ ಓಟು ಇದ್ದರೆ ನಿನಗೆ ಪರೀಕ್ಷೆಯೇ ಇಲ್ಲ ಎಂದರು. ಗುಲಾಮನಾಗಿದ್ದವನ ಅಜ್ಜನಿಗೆ ಓಟು ಎಲ್ಲಿಂದ ಬರಬೇಕು? "ಕಾಯ್ದೆದಾಗ ಎಲ್ಲೂ ಬಣ್ಣದ ಹೆಸರಿಲ್ಲ, ನೋಡ್ರಿ. ಬರೇ ಅಜ್ಜ ಯಾರು ಅಂತ ಕೇಳ್ತಾರ. ಎಂಥಾ ಸಭ್ಯ ಮಂದಿ!" ಎಂದು ಹೇಳಿ ನಾನು ಚಪ್ಪಾಳೆಗೆ ಕಾಯುತ್ತಿದ್ದೆ.

ಒಂದು ವರ್ಷ ಕಪ್ಪು ರೈತನ ಪಾತ್ರಕ್ಕೆ ಮೊದಲ ಬೆಂಚಿನ ಒಬ್ಬಳು ಹುಡುಗಿ ತಾನಾಗಿ ಎದ್ದು ಬಂದಳು. ಬೆಟಗೇರಿಯ ಮುಸಲ್ಮಾನರ ಮನೆಯವಳು. ತಂದೆಯದು ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ. ತಾಯಿ ನೇಕಾರರಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದರು. ಮಗಳೂ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತ ತೊಡೆಯ ಮೇಲೆ ನನ್ನ ನೋಟ್ಸು ಇಟ್ಟುಕೊಂಡು ಓದುತ್ತಿದ್ದಳಂತೆ. ನಾನು ಎಂದಿನಂತೆ ಬಾಯಿ ಉಬ್ಬಿಸಿ ಆ ಕಠಿಣ ಕಲಮು ಮುಂದೆ ಹಿಡಿದೆ. ಆಕೆ ತಡವರಿಸಲಿಲ್ಲ. ಅರ್ಥ ಹೇಳಿಯೇಬಿಟ್ಟಳು, ಪಟಪಟ ಅಂತ. ನನ್ನ ಇಪ್ಪತ್ತು ಚಿಲ್ಲರೆ ವರ್ಷಗಳ ಆಟದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಕಾಲ ಮೇಲಿನ ಕಾಲು ಇಳಿಸಿದೆ. ಆಮೇಲೆ, "ತಪ್ಪು! ನಡಿ ಮನಿಗೆ!" ಎಂದು ಗದರಿದೆ. ಕ್ಲಾಸು ಹೋ ಎಂದಿತು.

ಆಕೆ ನಗಲಿಲ್ಲ. "ಸರ, ನಾ ಹೇಳಿದ್ದು ಖರೇನ ತಪ್ಪೇನ್ರಿ?" ಎಂದಳು.

"ನೀ ಹೇಳಿದ್ದು ಖರೆ ಐತಿ ತಂಗಿ. ಆದ್ರ ತಪ್ಪು. ಅದ ಆ ಪರೀಕ್ಷಾ" ಎಂದೆ.

ಆಕೆ ತನ್ನ ಜಾಗಕ್ಕೆ ಹೋಗಿ ಅದನ್ನೂ ಬರೆದುಕೊಂಡಳು. ಆ ವರ್ಷ ಇತಿಹಾಸದಲ್ಲಿ ಕಾಲೇಜಿಗೇ ಮೊದಲು ಬಂದಳು. ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದಳು. ಯಾರಾದರೂ ಸಿಕ್ಕರೆ "ನನ್ನ ಶಿಷ್ಯೆ" ಎಂದು ಹೇಳಿಕೊಂಡು ತಿರುಗಿದವನು ನಾನು.

ಎರಡು ವರ್ಷದ ಹಿಂದೆ ನಮ್ಮ ಕಾಲೇಜು ನಡೆಸುವ ಸಂಸ್ಥೆಯವರು ಲಕ್ಷ್ಮೇಶ್ವರದಲ್ಲಿಯೂ ಒಂದು ಕಾಲೇಜು ತೆರೆದರು. ಅಲ್ಲಿಗೆ ಇತಿಹಾಸದ ಒಬ್ಬ ಮೇಷ್ಟ್ರು ಬೇಕಾಗಿದ್ದರು. ಸಂದರ್ಶನದ ಮೂರು ಜನರ ಕಮಿಟಿಯಲ್ಲಿ ವಿಷಯ ಬಲ್ಲವನೆಂದು ನನ್ನನ್ನು ಹಾಕಿದರು. ಸುದ್ದಿ ಕೇಳಿ ಒಂದು ಭಾನುವಾರ ಬೆಳಿಗ್ಗೆ ಆ ಹುಡುಗಿ ನಮ್ಮ ಮನೆಗೆ ಬಂದಳು. ಹೆಂಡತಿ ಅವಲಕ್ಕಿ ಕೊಟ್ಟಳು. ಆಕೆ ತಿನ್ನದೆ ತಟ್ಟೆ ಹಿಡಿದುಕೊಂಡೇ ಕೂತಿದ್ದಳು.

"ಸರ, ಲಕ್ಷ್ಮೇಶ್ವರ ಅಂದ್ರ ಮುಂಜಾನಿ ಬಸ್ ಹಿಡದು ಹೋಗಿ ಸಂಜೀಕ ಮನಿಗೆ ಬರಬಹುದು. ಅದರಾಚೆ ಅಬ್ಬಾ ಕಳಸಂಗಿಲ್ರಿ. ಮುಂಡರಗಿಯಿಂದ ಒಂದು ಸಂಬಂಧ ಬಂದೈತಿ. ಆ ಮನ್ಯಾಗ ಹೆಣ್ಣಮಕ್ಕಳು ನೌಕರಿ ಮಾಡಂಗಿಲ್ಲಂತ. ಈ ನೌಕರಿ ಆದ್ರ ಅವರಿಗೆ ಇಲ್ಲ ಅಂತ ಹೇಳ್ತೀನಿ ಅಂದಾರ ಅಬ್ಬಾ. ಆಗಲಿಲ್ಲಂದ್ರ ನಾ ಹೂಂ ಅನ್ನಬೇಕು. ಹಂಗ ಮಾತಾಗೈತ್ರಿ."

"ಏ, ಹುಚ್ಚಿ, ತಿನ್ನು ಮೊದಲು. ನಾ ಕಮಿಟ್ಯಾಗ ಅದೀನಲ್ಲಾ" ಎಂದೆ. ಈ ಮಾತನ್ನು ನಾನು ಆಡಿದ್ದು ಖರೆ. ಆಮೇಲೆ ಎಷ್ಟೋ ಸಲ, ಹಾಗೆ ಅಂದಿರಲಿಕ್ಕಿಲ್ಲ, ಬರೀ "ನೋಡೂಣು" ಅಂದಿದ್ದೆ ಎಂದು ನನ್ನನ್ನು ನಾನೇ ನಂಬಿಸಲು ನೋಡಿದ್ದೇನೆ. ಆದರೆ ಆಕೆ ಅವಲಕ್ಕಿ ತಿಂದದ್ದು ಆ ಮಾತಿನ ಮೇಲೆ.

ನಡುವೆ ಎರಡು ದಿನ ಕಳೆದವು. ಸಂಸ್ಥೆಯ ಅಧ್ಯಕ್ಷರು ಫೋನು ಮಾಡಿದರು. ಶಿರಹಟ್ಟಿಯ ಒಬ್ಬ ಹುಡುಗನೂ ಅರ್ಜಿ ಹಾಕಿದ್ದ. ಅವನೂ ನನ್ನ ಶಿಷ್ಯನೇ. ಒಳ್ಳೆಯ ನಡತೆಯ, ಎದುರು ಮಾತಾಡದ, ಪುಸ್ತಕ ಕಂಡರೆ ಆಕಳಿಕೆ ಬರುವ ಹುಡುಗ. "ಹುಡುಗ ನಮ್ಮವ ಅದಾನ್ರಿ ಮಾಸ್ತರ. ನಿಮಗ ಹೆಚ್ಚಿಗಿ ಹೇಳೂದೇನೈತಿ, ನೀವೂ ನಮ್ಮವರ" ಎಂದರು. ಅಷ್ಟೇ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಆಸೆ ನನ್ನದೇ ಇತ್ತು: ನಮ್ಮ ಪ್ರಿನ್ಸಿಪಾಲರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಅವರ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನಾನು ಒಳಗಿನ ಕುರ್ಚಿಯನ್ನು ನೋಡುತ್ತಿದ್ದೆ.

ಇಲ್ಲಿ "ನಮ್ಮವ" ಎಂದರೆ ಏನು ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನೂ ಮೊದಲು ಯಾವೂರು ಅನ್ನುತ್ತಾನೆ, ಆಮೇಲೆ ಯಾರ ಪೈಕಿ ಅನ್ನುತ್ತಾನೆ. ಯಾರ ಮನೆಯವ, ಯಾರ ಮೊಮ್ಮಗ, ಯಾವ ಜಾತಿ, ಎಲ್ಲ ಒಂದೇ ಪ್ರಶ್ನೆಯಲ್ಲಿ ತಿಳಿದುಬಿಡುತ್ತದೆ. ಇಪ್ಪತ್ತೆಂಟು ವರ್ಷದ ಹಿಂದೆ ನನ್ನನ್ನೂ ಅದನ್ನೇ ಕೇಳಿದ್ದರು. ನಾನು ಸೊರಟೂರಿನ ನನ್ನ ಅಜ್ಜನ ಹೆಸರು ಹೇಳಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಅಜ್ಜ, ಬದುಕಿದಷ್ಟು ಕಾಲವೂ ಎತ್ತಿನ ಬಾಲ ತಿರುವಿದ ಮನುಷ್ಯ! ಆ ಹೆಸರು ಕೇಳಿ ಆಗಿನ ಅಧ್ಯಕ್ಷರು, "ಅವರ ಮೊಮ್ಮಗನೇನಪಾ? ಕುಂಡ್ರು ಕುಂಡ್ರು" ಅಂದರು. ಅಲ್ಲಿಗೆ ನನ್ನ ಸಂದರ್ಶನ ಮುಗಿದಿತ್ತು. ಅದೇ ವರ್ಷದಿಂದ ನಾನು ಅಜ್ಜನ ನಿಯಮದ ಪಾಠ ಮಾಡಿ ನಗಿಸಲು ಶುರು ಮಾಡಿದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅನ್ನುತ್ತಾರಲ್ಲ, ಆ ಬದನೆಕಾಯಿಯಲ್ಲೇ ನನ್ನ ಹೊಟ್ಟೆ ಬೆಳೆದದ್ದು.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ನಾನು ಎರಡು ಪ್ರಶ್ನೆ ಆರಿಸಿದೆ. ಒಂದಕ್ಕೆ ತಯಾರಿ ಬೇಕಾಗಿರಲಿಲ್ಲ. ಇನ್ನೊಂದಕ್ಕೆ ರಟ್ಟಿನ ವಹಿ ತೆಗೆದು ಹುಡುಕಿದೆ, ಯಾವುದು ಎಲ್ಲಕ್ಕಿಂತ ಕಷ್ಟದ್ದು ಅಂತ. ಓಟಿನ ಕಾಯ್ದೆ ಬದಲಿಸಿದ ದಕ್ಷಿಣದ ರಾಜ್ಯಗಳ ಪಟ್ಟಿ ಕಣ್ಣಿಗೆ ಬಿತ್ತು. ಯಾವುದು ಮೊದಲು, ಯಾವುದು ಆಮೇಲೆ, ಅಜ್ಜನ ನಿಯಮವನ್ನು ಮೊದಲು ತಂದದ್ದು ಯಾವುದು. ಅದು ನನಗೂ ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ಚೀಟಿ ಬರೆಯುವಾಗ ಕೈ ನಡುಗಿತು, ಮನಸ್ಸು ಹಿಂಡಿತು ಅಂತೆಲ್ಲ ಬರೆಯಬಹುದು. ಸುಳ್ಳು. ಆಗ ನನಗೆ ಏನೂ ಅನ್ನಿಸಲಿಲ್ಲ. ಪಕ್ಕದ ಮೇಷ್ಟ್ರು ತಂದಿದ್ದ ಗಿರಮಿಟ್ಟು ತಿನ್ನುತ್ತ ಬರೆದೆ, ಚೀಟಿಗೆ ಎಣ್ಣೆ ಹತ್ತಿತು, ಇನ್ನೊಂದು ಚೀಟಿ ಹರಿದುಕೊಂಡೆ.

ಮರುದಿನ ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಇನ್ನೂ ಸುಣ್ಣದ ವಾಸನೆ ಹೋಗಿರದ ಒಂದು ಕೋಣೆಯಲ್ಲಿ ನಾವು ಮೂವರು ಕೂತೆವು: ನಡುವೆ ಅಧ್ಯಕ್ಷರು, ಆ ಕಡೆ ಪ್ರಿನ್ಸಿಪಾಲರು, ಈ ಕಡೆ ನಾನು. ಮೊದಲು ಶಿರಹಟ್ಟಿಯ ಹುಡುಗ ಬಂದ.

"ಯಾರ ಪೈಕಿ ತಮ್ಮಾ ನೀನು?" ಎಂದರು ಅಧ್ಯಕ್ಷರು, ಗೊತ್ತಿದ್ದೂ.

ಹುಡುಗ ಅಜ್ಜನ ಹೆಸರು ಹೇಳಿದ. "ನಿಮ್ಮ ಅಜ್ಜಾರು, ನಮ್ಮ ಅಪ್ಪಾರು ಒಂದ ತಾಟಿನ್ಯಾಗ ಉಂಡವ್ರಪಾ" ಎಂದು ಅವರು ನಮ್ಮಿಬ್ಬರ ಕಡೆ ತಿರುಗಿ ನಕ್ಕರು. ನಾವೂ ನಕ್ಕೆವು.

ನನ್ನ ಸರದಿ. "ಅಮೆರಿಕಾದಾಗ ಅಂತರ್ಯುದ್ಧ ಆತಲ್ಲಾ, ಅದು ಯಾರ ಯಾರ ನಡುವೆ ಆತು?" ಎಂದೆ.

ಹುಡುಗ ಛಾವಣಿ ನೋಡಿದ. ಇಷ್ಟೂ ಬಾರದಿದ್ದರೆ ಏನು ಗತಿ! "ದಿಕ್ಕಿನ ಹೆಸರು ನೆನಪು ಮಾಡ್ಕೋ" ಎಂದೂ ಅಂದೆ. "ಉತ್ತರ... ದಕ್ಷಿಣದವರ ನಡುವೆ ಸರ" ಎಂದ. "ಶಾಬಾಸ್!" ಎಂದೆ. ಆ ಶಾಬಾಸ್ ನನ್ನ ಬಾಯಿಂದ ಬಂದ ಧಾಟಿ ನನಗೆ ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ಆಮೇಲೆ ಆಕೆ ಬಂದಳು. ಇಸ್ತ್ರಿ ಮಾಡಿದ ಬೂದು ಬಣ್ಣದ ಚೂಡಿದಾರ, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು. ನನ್ನನ್ನು ನೋಡಿ ಮುಖ ಅರಳಿತು. ಅಧ್ಯಕ್ಷರು ಯಾರ ಪೈಕಿ ಎಂದು ಕೇಳಲಿಲ್ಲ. ಅರ್ಜಿಯ ಮೇಲಿನ ಹೆಸರು ಓದಿದರು, ಫೈಲು ತೆರೆಯದೆ ನನ್ನ ಕಡೆ ಸರಿಸಿದರು, ಮೊಬೈಲ್ ತೆಗೆದುಕೊಂಡರು. "ಕೇಳ್ರಿ ಮಾಸ್ತರ" ಎಂದರು.

ನಾನು ಜೇಬಿನಿಂದ ಚೀಟಿ ತೆಗೆದೆ. ಚೀಟಿ ನೋಡಿಕೊಂಡು ಪ್ರಶ್ನೆ ಓದಿದೆ. ದಕ್ಷಿಣದ ಯಾವ ಯಾವ ರಾಜ್ಯಗಳು, ಯಾವ ಅನುಕ್ರಮದಲ್ಲಿ, ಅಜ್ಜನ ನಿಯಮ ಮೊದಲು ತಂದದ್ದು ಯಾರು. ಓದಿ ಮುಗಿಸಿ ತಲೆ ಎತ್ತಿದಾಗ ಆಕೆಯ ಮುಖದ ಅರಳು ಹೋಗಿತ್ತು. ಆಕೆ ನನ್ನನ್ನಲ್ಲ, ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡುತ್ತಿದ್ದಳು.

ಆಕೆ ಹೇಳಿದಳು. ಸಾವಕಾಶವಾಗಿ, ಬೆರಳು ಮಡಿಚುತ್ತ. ಮೊದಲು ಮಿಸಿಸಿಪ್ಪಿ. ಆಮೇಲೆ ದಕ್ಷಿಣ ಕ್ಯಾರೊಲಿನಾ. ನಾನು ಚೀಟಿಯಲ್ಲಿ ಬೆರಳಿಟ್ಟು ಹಿಂಬಾಲಿಸುತ್ತಿದ್ದೆ. ಅಲ್ಲಿ ಒಂದು ಗಳಿಗೆ ನಿಂತಳು. ನನ್ನ ಮುಖ ನೋಡಿದಳು. "ಮೂರನೇದು ಲೂಯಿಸಿಯಾನಾ ಸರ. ಅಜ್ಜನ ನಿಯಮ ಮೊದಲು ತಂದವರು ಅವರ. ಅದಾದ ಮ್ಯಾಲೆ ಉತ್ತರ ಕ್ಯಾರೊಲಿನಾ, ಅಲಬಾಮಾ, ವರ್ಜೀನಿಯಾ."

ನನ್ನ ಚೀಟಿಯಲ್ಲಿ ಎರಡೂ ಕ್ಯಾರೊಲಿನಾಗಳು ಅಣ್ಣ ತಮ್ಮಂದಿರ ಹಾಗೆ ಒಂದರ ಕೆಳಗೆ ಒಂದಿದ್ದವು. ಅಜ್ಜನ ನಿಯಮವನ್ನು ಮೊದಲು ತಂದದ್ದು ಉತ್ತರ ಕ್ಯಾರೊಲಿನಾ, ಲೂಯಿಸಿಯಾನಾ ಅದರ ನಂತರ ಎಂದು ಬರೆದಿತ್ತು. ಸಿಕ್ಕಿತಲ್ಲ ಎಂದು ನನಗೆ ಒಳಗೇ ಖುಷಿಯಾಯಿತು. ಹೌದು, ಖುಷಿ. ನಾಚಿಕೆಗೆಟ್ಟ ಖುಷಿ.

"ತಪ್ಪು" ಎಂದೆ. "ಉತ್ತರ ಕ್ಯಾರೊಲಿನಾ ಮೊದಲು. ನನ್ನ ನೋಟ್ಸಿನ್ಯಾಗನ ಐತಲ್ಲಾ ತಂಗಿ. ಎಂ.ಎ. ಮಾಡಿ ಬಿ.ಎ.ದ್ದು ಮರತಿಯೇನು?"

"ಸರ, ಈ ಪ್ರಶ್ನಿ ಎಲ್ಲಾರಿಗೂ ಕೇಳೀರೇನ್ರಿ?" ಎಂದಳು.

"ಇಲ್ಲಿ ಪ್ರಶ್ನಿ ಕೇಳಾವ್ರು ನಾವು" ಎಂದರು ಅಧ್ಯಕ್ಷರು, ಮೊಬೈಲಿನಿಂದ ತಲೆ ಎತ್ತದೆ. ಪ್ರಿನ್ಸಿಪಾಲರು ಕೆಮ್ಮಿದರು. ನಾನು ಚೀಟಿ ಮಡಿಚುತ್ತ ಕೂತೆ. ಎಷ್ಟು ಸಣ್ಣದಾಗಿ ಮಡಿಚಬಹುದೋ ಅಷ್ಟು ಮಡಿಚಿದೆ. ಆಕೆ "ಬರ್ತೀನ್ರಿ ಸರ" ಎಂದು ಮೂವರಿಗೂ ಕೈ ಮುಗಿದು ಹೋದಳು. ಮಾರ್ಕಿನ ಹಾಳೆಯಲ್ಲಿ ನಾನು ಬರೆದದ್ದು: ವಿಷಯಜ್ಞಾನ ಸಾಲದು.

ನೌಕರಿ ಶಿರಹಟ್ಟಿಯ ಹುಡುಗನಿಗಾಯಿತು, ಅವನು ಅಲ್ಲೇ ನನ್ನ ಕಾಲಿಗೆ ಬಿದ್ದ. ಗದಗಿಗೆ ಬರುವ ಬಸ್ಸಿನಲ್ಲಿ ಅದನ್ನೇ ನೆನೆದು ಬೀಗುತ್ತಿದ್ದೆ. ನೌಕರಿಗೆ ಸೇರುವವನಿಗೆ ಅನುಕೂಲವಾಗಲಿ ಎಂದು ಮರುವಾರವೇ ನನ್ನ ರಟ್ಟಿನ ವಹಿಯನ್ನು ಪೂರ್ತಿ ಝೆರಾಕ್ಸ್ ಮಾಡಿಸಿ, ದಾರ ಹಾಕಿ ಹೊಲಿಸಿ ಅವನಿಗೆ ಕೊಟ್ಟೆ. "ನನ್ನ ಜೀವಮಾನದ ಗಳಿಕಿ ಇದು, ಜ್ವಾಕಿ" ಎಂದೂ ಹೇಳಿದೆ.

ಆಕೆಯ ಪ್ರಶ್ನೆ ಮಾತ್ರ ಚಪ್ಪಲಿಯೊಳಗಿನ ಹರಳಿನ ಹಾಗೆ ಚುಚ್ಚುತ್ತಿತ್ತು. ನಾನು ಮಾಡಿದ್ದು ಸರಿ, ಆಕೆಯ ಉತ್ತರ ತಪ್ಪೇ ಇತ್ತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ಗಟ್ಟಿ ಮಾಡಿಕೊಳ್ಳಲೆಂದೇ ಒಂದು ದಿನ ಕಾಲೇಜಿನ ಗ್ರಂಥಾಲಯದಲ್ಲಿ ಅಮೆರಿಕದ ಇತಿಹಾಸದ ದಪ್ಪನೆಯ ಪುಸ್ತಕ ತೆಗೆದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ವಹಿಯನ್ನು ಅದರ ಪಕ್ಕ ಇಟ್ಟೆ. ಲೂಯಿಸಿಯಾನಾ ಮೊದಲು. ಉತ್ತರ ಕ್ಯಾರೊಲಿನಾ ಎರಡು ವರ್ಷ ಆಮೇಲೆ. ಇನ್ನೊಂದು ಪುಸ್ತಕ ತೆಗೆದೆ. ಅದರಲ್ಲಿಯೂ ಹಾಗೇ. ಮೂರನೆಯದನ್ನು ತೆಗೆಯುವ ಧೈರ್ಯ ಬರಲಿಲ್ಲ. ಧಾರವಾಡದಲ್ಲಿ ಕೂತು ಗಡಿಬಿಡಿಯಲ್ಲಿ ಬರೆದುಕೊಂಡ ದಿನ ನಾನೇ ಎರಡು ಸಾಲು ಹಿಂದುಮುಂದು ಮಾಡಿದ್ದೆನೋ, ಗುರುಗಳೇ ಹಾಗೆ ಹೇಳಿದ್ದರೋ, ದೇವರಿಗೆ ಗೊತ್ತು. ಅಷ್ಟು ವರ್ಷದ ಅಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ನಾನು ಸುಳ್ಳಿಗೆ ಮಾರ್ಕು ಹಾಕಿದ್ದೆ. ಖರೆ ಹೇಳಿದ ಒಬ್ಬಳೇ ಒಬ್ಬಳನ್ನು ಫೇಲು ಮಾಡಿದ್ದೆ. ಥೂ ನನ್ನ ಮಾರಿಗಿಷ್ಟು!

ಬೆಟಗೇರಿಗೆ ಹೋಗಬೇಕು, ಹೇಳಬೇಕು ಎಂದುಕೊಂಡೆ. ನಾಳೆ, ನಾಡಿದ್ದು, ಪರೀಕ್ಷೆ ಮುಗಿಯಲಿ, ಬಿಸಿಲು ಇಳಿಯಲಿ ಎಂದು ತಿಂಗಳುಗಟ್ಟಲೆ ತಳ್ಳಿದೆ. ಅಷ್ಟರಲ್ಲಿ ನಾನು ಪ್ರಿನ್ಸಿಪಾಲನಾದೆ. ಕೊನೆಗೆ ಹೋದದ್ದಾದರೂ ಹೇಗೆ? ಮನೆಯ ನೀರಿನ ಮೋಟಾರು ಸುಟ್ಟಿತು. "ನಿಮ್ಮ ಆ ಹುಡಿಗಿ ಅಪ್ಪಂದು ಅಂಗಡಿ ಐತಲ್ಲಾ, ಅಲ್ಲೇ ಒಯ್ರಿ, ಪಾಪ" ಎಂದಳು ಹೆಂಡತಿ. ಅಂದರೆ ತಪ್ಪು ಒಪ್ಪಿಕೊಳ್ಳಲು ನಾನು ಮೋಟಾರು ರಿಪೇರಿಯ ನೆಪದಲ್ಲಿ ಹೋದೆ.

ಅಂಗಡಿಯಲ್ಲಿ ತಂದೆ ಮತ್ತು ಮಗಳು ಇಬ್ಬರೂ ಇದ್ದರು. ಮಗಳು ನೆಲದ ಮೇಲೆ ಚಾಪೆ ಹಾಕಿಕೊಂಡು ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದಳು, ತುಟಿ ಅಲುಗಿಸುತ್ತ ಸುತ್ತು ಎಣಿಸುತ್ತಿದ್ದಳು. ತಂದೆ ನನ್ನನ್ನು ಕಂಡವರೇ ಧಡಬಡ ಎದ್ದರು. "ಅರೆ, ಸರ್ ಬಂದಾರ! ಖುರ್ಚಿ ಕೊಡವಾ. ಕುಂಡ್ರಿ ಸರ, ಕುಂಡ್ರಿ" ಎಂದು ತಾವೇ ಕುರ್ಚಿ ಒರೆಸಿದರು. "ನೌಕರಿ ಆಗಲಿಲ್ಲ, ಇರಲಿ ಬಿಡ್ರಿ. ಅಲ್ಲಾಹ್ ಬರದದ್ದು. ನಿಮ್ಮದೇನೂ ತಪ್ಪಿಲ್ಲ ಅಂತ ಆಕಿ ಅವತ್ತ ಹೇಳಿದ್ಲು. ಸರ್ ಭಾಳ ಪ್ರಯತ್ನ ಮಾಡಿದ್ರು ಅಬ್ಬಾ, ಅಂದ್ಲು. ನಿಮ್ಮ ಉಪಕಾರ ಮರಿಯಾಂಗಿಲ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನಲೇ ಇಲ್ಲ, ಉಪಕಾರ ಅಂದರು. ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು, ಅಲ್ಲಿದ್ದ ಟವೆಲು ಸರಿಮಾಡಿಕೊಂಡೆ. ಅವರು ಖುಷಿಯಿಂದಲೇ ಮುಂದುವರಿಸಿದರು: ಮುಂಡರಗಿಯ ಸಂಬಂಧ ಗಟ್ಟಿಯಾಗಿದೆ, ರಂಜಾನ್ ಮುಗಿದ ಮೇಲೆ ನಿಕಾಹ್, ಸರ್ ಮನೆಮಂದಿ ಕರೆದುಕೊಂಡು ಬರಬೇಕು. ಚಹಾ ಹೇಳಿ ಬರುತ್ತೇನೆಂದು ಬೀದಿಗೆ ಇಳಿದರು.

ಇಬ್ಬರೇ ಉಳಿದೆವು. ಆಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ನಾನೇ ಬಾಯಿ ಬಿಟ್ಟೆ.

"ನಿಂದು ಖರೆ ಇತ್ತು ತಂಗಿ. ಲೂಯಿಸಿಯಾನಾನ ಮೊದಲು. ನನ್ನ ನೋಟ್ಸ ತಪ್ಪಿತ್ತು. ಪುಸ್ತಕ ತಗದು ನೋಡಿದೆ."

"ಗೊತ್ತೈತ್ರಿ ಸರ."

"ಎಂ.ಎ.ದಾಗ ಗೊತ್ತಾತೇನು?"

"ಇಲ್ರಿ. ಬಿ.ಎ.ದಾಗನ. ಲೈಬ್ರರಿ ಪುಸ್ತಕದಾಗ ಬ್ಯಾರೆ ಇತ್ತು. ಆದ್ರ ಪರೀಕ್ಷಾದಾಗ ನಿಮ್ಮ ನೋಟ್ಸಿನ್ಯಾಗ ಹೆಂಗಿತ್ತೋ ಹಂಗ ಬರದೆ. ನೀವ ಅಲ್ರಿ ತಿದ್ದಾವ್ರು." ತಂತಿಯನ್ನು ಇಕ್ಕಳದಿಂದ ಕತ್ತರಿಸಿ ತುದಿಯನ್ನು ಮಡಿಚಿದಳು.

"ಮತ್ತ ಅವತ್ತ ಯಾಕ ಹಂಗ ಹೇಳಲಿಲ್ಲಾ? ನನ್ನ ನೋಟ್ಸಿನ್ಯಾಗಿದ್ದಂಗ ಹೇಳಿದ್ದೀ ಅಂದ್ರ, ನಾ ತಪ್ಪು ಅಂತ ಅನ್ನಾಕ ಬರ್ತಿರಲಿಲ್ಲಲ್ಲಾ!" ಎಂದೆ. ಕೇಳಿ, ನನ್ನ ದನಿಯಲ್ಲಿ ಸಿಟ್ಟಿತ್ತು. ಆಕೆಯ ಮೇಲೆಯೇ ಸಿಟ್ಟು!

ಆಕೆ ಮೊದಲ ಸಲ ತಲೆ ಎತ್ತಿದಳು. "ಚೀಟಿ ನೋಡಿದಾಗ ನನಗ ಗೊತ್ತಾತ್ರಿ, ಯಾವ ಆಟ ಅಂತ. ಎರಡನೇ ಹೆಸರು ಹೇಳಿದ ಮ್ಯಾಲೆ ನಿಂತೆ. ನಿಮ್ಮಂಗ ಹೇಳಲೋ, ಖರೆ ಹೇಳಲೋ ಅಂತ. ನಿಮ್ಮ ಮಾರಿ ನೋಡಿದೆ. ನಮ್ಮ ಸರ್ ಅದಾರ, ಖರೆ ಹೇಳಿದ್ರ ತಪ್ಪು ಅನ್ನಂಗಿಲ್ಲ ಅನಿಸ್ತು. ಅದಕ್ಕ ಹೇಳಿದೆ."

ಬೀದಿಯಲ್ಲಿ ಆಟೋ ಒಂದು ಹಾರ್ನು ಹೊಡೆಯುತ್ತ ಹೋಯಿತು. ತಂದೆ ಗಾಜಿನ ಲೋಟಗಳಲ್ಲಿ ಚಹಾ ಹಿಡಿದುಕೊಂಡು ಬರುವುದು ಕಾಣಿಸಿತು. ಅವರು ಮೆಟ್ಟಿಲು ಹತ್ತುವ ಮುಂಚೆ ಆಕೆ ಮೆಲ್ಲಗೆ ಕೇಳಿದಳು.

"ಸರ, ಈಗರೆ ನೋಟ್ಸ ತಿದ್ದೀರೇನ್ರಿ? ಹುಡುಗರು ಇನ್ನೂ ಹಂಗ ಬರೀತಾರೇನ್ರಿ?"

"ಹೂಂ, ತಿದ್ದೀನಿ" ಎಂದೆ.

ತಿದ್ದಿರಲಿಲ್ಲ. ಚಹಾ ಕುಡಿದೆ, ನಿಕಾಹ್‌ಗೆ ಖಂಡಿತ ಬರುತ್ತೇನೆಂದೆ, ಮೋಟಾರು ಅಲ್ಲೇ ಬಿಟ್ಟು ಎದ್ದು ಬಂದೆ. ಆ ಸಂಜೆ ನನ್ನ ರಟ್ಟಿನ ವಹಿಯಲ್ಲಿ ಆ ಎರಡು ಸಾಲನ್ನು ಕೆಂಪು ಪೆನ್ನಿನಿಂದ ಹಿಂದುಮುಂದು ಮಾಡಿದೆ. ಲಕ್ಷ್ಮೇಶ್ವರದಲ್ಲಿ ನೌಕರಿಗಿದ್ದ ಶಿರಹಟ್ಟಿಯ ಹುಡುಗನಿಗೂ ಫೋನು ಮಾಡಿ, ಆ ಪುಟ ಹೀಗೆ ತಿದ್ದಿಕೋ ಎಂದು ಹೇಳಲು ಮೊಬೈಲ್ ಕೈಗೆತ್ತಿಕೊಂಡೆ. ಯಾಕ್ರಿ ಸರ, ಯಾರು ಹೇಳಿದ್ರು ಎಂದು ಅವನು ಕೇಳಿದರೆ? ಮೊಬೈಲ್ ಕೆಳಗಿಟ್ಟೆ. ಅವನು ಈಗಲೂ ಸುಣ್ಣದ ವಾಸನೆಯ ಆ ಕಾಲೇಜಿನಲ್ಲಿ, ನಾನು ಹೊಲಿಸಿಕೊಟ್ಟ ಝೆರಾಕ್ಸ್ ಹಿಡಿದು, ಅಜ್ಜನ ನಿಯಮ ಮೊದಲು ತಂದದ್ದು ಉತ್ತರ ಕ್ಯಾರೊಲಿನಾ ಎಂದು ನೋಟ್ಸು ಹೇಳುತ್ತಾನೆ. ಮಕ್ಕಳು ಬರೆದುಕೊಳ್ಳುತ್ತಾರೆ.